ಗಾಳಿಯನ್ನು ಅಳೆದವರು

ಹಕ್ಕಿಯಂತೆ ಹಾರಬೇಕೆಂಬ ಹಂಬಲ ಮಾನವನ ಮನಸ್ಸಿನಲ್ಲಿ ಎಂದು ಮೊಳೆಯಿತೋ ಹೇಳುವಂತಿಲ್ಲ. ಭಾರತದ ಪುರಾಣಗಳಲ್ಲಿ ಗರುಡವಾಹನವೂ ಪುಷ್ಪಕವಿಮಾನವೂ ಉಂಟು. ಗ್ರೀಕರ ಕಥೆಗಳಲ್ಲಿ ಮೇಣದಿಂದ ಅಂಟಿಸಿದ ರೆಕ್ಕೆಗಳನ್ನು ತೊಟ್ಟು ಸೂರ್ಯನ ಸಮೀಪಕ್ಕೇರಿ ಕಡಲಿಗೆ ಉರುಳಿದ ಇಕಾರಸನುಂಟು. ಕನಸು ಕಾಣಲು ಬಂಡವಾಳ ಬೇಕಿಲ್ಲ. ಆ ಕನಸನ್ನು ಮರ, ತಂತಿ, ಬಟ್ಟೆಗಳಿಗೆ ಇಳಿಸಿ, ಅದರ ಮೇಲೆ ಒಬ್ಬ ಮನುಷ್ಯನ ಭಾರವನ್ನು ಹೊರಿಸಿ, ನೆಲ ಬಿಟ್ಟು ಎಬ್ಬಿಸಿ, ಮತ್ತೆ ಕ್ಷೇಮವಾಗಿ ನೆಲಕ್ಕೆ ತರುವುದಿದೆಯಲ್ಲ, ಅದಕ್ಕೆ ಸಾವಿರಾರು ವರ್ಷಗಳೇ ಬೇಕಾದವು.

ಈ ವಿಳಂಬಕ್ಕೆ ಧೈರ್ಯದ ಅಭಾವವೇ ಕಾರಣವೆಂದು ಯಾರೂ ಹೇಳಲಾರರು. ಗೋಪುರಗಳಿಂದಲೂ ಕೋಟೆಯ ಗೋಡೆಗಳಿಂದಲೂ ಕೃತಕ ರೆಕ್ಕೆ ಕಟ್ಟಿಕೊಂಡು ಧುಮುಕಿ ಕೈಕಾಲು ಮುರಿದುಕೊಂಡವರ, ಪ್ರಾಣವನ್ನೇ ತೆತ್ತವರ ಸಾಲು ಬಲು ಉದ್ದವಾದುದು. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಾಮ್ಸ್‌ಬರಿ ಎಂಬಲ್ಲಿಯ ಕ್ರೈಸ್ತ ಮಠದ ಐಲ್ಮರ್ ಎಂಬ ಸಂನ್ಯಾಸಿಯೊಬ್ಬನು ಮಠದ ಗೋಪುರದಿಂದ ಹಾರಿ, ಸ್ವಲ್ಪ ದೂರ ತೇಲಿ, ಬಿದ್ದು ಎರಡೂ ಕಾಲುಗಳನ್ನು ಮುರಿದುಕೊಂಡನಂತೆ. ಹಿಂಬದಿಗೆ ಒಂದು ಬಾಲವನ್ನು ಕಟ್ಟಿಕೊಳ್ಳದೆ ಹೋದದ್ದೇ ತನ್ನ ಪತನಕ್ಕೆ ಕಾರಣವೆಂದು ಅವನು ಹೇಳುತ್ತಿದ್ದುದನ್ನು ಅದೇ ಮಠದ ಚರಿತ್ರಕಾರನೊಬ್ಬನು ಬರೆದಿಟ್ಟಿದ್ದಾನೆ. ಹಾರಿದ ಎದೆಗಾರಿಕೆಗಿಂತ, ಕಾಲು ಮುರಿದು ಕುಳಿತ ಮೇಲೂ ಬಿದ್ದದ್ದೇಕೆಂದು ಯೋಚಿಸಿದ ಆ ಬುದ್ಧಿಯೇ ಹೆಚ್ಚು ಗಮನಿಸತಕ್ಕದ್ದು. ಹಾರಾಟದ ಚರಿತ್ರೆಯಲ್ಲಿ ಧುಮುಕುವವರು ಪ್ರತಿ ಶತಮಾನದಲ್ಲಿಯೂ ದೊರೆತರು. ಹೀಗೆ ಯೋಚಿಸುವವರು ಮಾತ್ರ ಅಪರೂಪವಾಗಿದ್ದರು.

ಆಧುನಿಕ ಕಾಲದಲ್ಲಿ ಇವೆರಡು ಗುಣಗಳೂ ಕೂಡಿಬಂದ ಮೊದಲ ಮಹಾಪುರುಷನೆಂದರೆ ಜರ್ಮನಿಯ ಎಂಜಿನಿಯರ್ ಓಟೊ ಲಿಲಿಯೆಂಥಾಲ್. ಕೊಕ್ಕರೆಗಳ ಹಾರಾಟವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಬಾಗಿದ ರೆಕ್ಕೆಯನ್ನು ಗಾಳಿ ಎಷ್ಟು ಬಲದಿಂದ ಮೇಲೆತ್ತುತ್ತದೆಂಬುದನ್ನು ಕೋಷ್ಟಕಗಳಲ್ಲಿ ಬರೆದಿಟ್ಟು, 1889ರಲ್ಲಿ ಒಂದು ಗ್ರಂಥವನ್ನು ಹೊರತಂದನು. 1891ರಿಂದ ಗುಡ್ಡಗಳ ನೆತ್ತಿಯಿಂದ ತಾನೇ ಹಾರತೊಡಗಿದನು. ಬರ್ಲಿನ್ನಿನ ಬಳಿ ಇದಕ್ಕಾಗಿಯೇ ಒಂದು ಕೃತಕ ದಿಬ್ಬವನ್ನು ಕಟ್ಟಿಸಿಕೊಂಡನು. ಎಂಜಿನ್ ಇಲ್ಲದ ಗ್ಲೈಡರುಗಳಲ್ಲಿ, ರೆಕ್ಕೆಯ ಕೆಳಗೆ ಜೋತುಬಿದ್ದು, ಕಾಲುಗಳನ್ನು ಅತ್ತಿತ್ತ ತೂಗಿ ಸಮತೋಲ ಕಾಯ್ದುಕೊಳ್ಳುತ್ತ ಸುಮಾರು 2,000 ಸಲ ಗಾಳಿಯಲ್ಲಿ ತೇಲಿದನು. 1896ರ ಆಗಸ್ಟ್ 9ರಂದು ಗಾಳಿಯಲ್ಲಿ ಗ್ಲೈಡರು ನಿಂತುಬಿಟ್ಟಂತಾಗಿ, ಮುಗ್ಗರಿಸಿ ಕೆಳಗೆ ಬಿತ್ತು. ಬೆನ್ನುಮೂಳೆ ಮುರಿದಿತ್ತು. ಮರುದಿನ ಬರ್ಲಿನ್ನಿನಲ್ಲಿ ಅವನು ಕಣ್ಮುಚ್ಚಿದನು. ಆಗ ಅವನಿಗೆ 48 ವರ್ಷ.

ಈ ಮರಣವಾರ್ತೆ ಸಾಗರವನ್ನು ದಾಟಿ ಅಮೆರಿಕದ ಓಹಾಯೊ ಪ್ರಾಂತದ ಡೇಟನ್ ಎಂಬ ಊರಿನ ಸೈಕಲ್ ಅಂಗಡಿಯೊಂದರ ಒಡೆಯರನ್ನು ತಲಪಿತು. ಅಣ್ಣ ವಿಲ್ಬರ್ ರೈಟ್ 1867ರಲ್ಲಿ ಹುಟ್ಟಿದವನು, ತಮ್ಮ ಆರ್ವಿಲ್ 1871ರಲ್ಲಿ. ಆ ದಿನಗಳಲ್ಲಿ ಆರ್ವಿಲ್ ವಿಷಮಶೀತಜ್ವರದಿಂದ ಸಾವು ಬದುಕುಗಳ ನಡುವೆ ಮಲಗಿದ್ದನು. ಅಣ್ಣನೂ ತಂಗಿ ಕ್ಯಾಥರೀನಳೂ ಅವನ ಆರೈಕೆಯಲ್ಲಿದ್ದರು. ಬರ್ಲಿನ್ನಿನ ಸುದ್ದಿಯು ವಿಲ್ಬರನ ಮನಸ್ಸಿನಲ್ಲಿ ಒಂದು ಪ್ರಶ್ನೆಯಾಗಿ ನಿಂತಿತು. ಇಷ್ಟು ಬಲ್ಲವನು, ಇಷ್ಟು ಅಭ್ಯಾಸ ಮಾಡಿದವನು, ಏಕೆ ಬಿದ್ದನು?

ಈ ಸಹೋದರರ ಹಿನ್ನೆಲೆಯನ್ನು ತುಸು ತಿಳಿಯಬೇಕು. ತಂದೆ ಮಿಲ್ಟನ್ ರೈಟ್ ಅವರು ಕ್ರೈಸ್ತ ಪಂಥವೊಂದರ ಬಿಷಪ್ಪರು. ಊರೂರು ಸಂಚರಿಸುತ್ತಿದ್ದ ಧರ್ಮೋಪದೇಶಕರು. ಮನೆಯಲ್ಲಿ ಸಿರಿಯಿರಲಿಲ್ಲ, ಪುಸ್ತಕಗಳಿದ್ದವು. 1878ರಲ್ಲಿ ಅವರು ಮಕ್ಕಳಿಗೆ ತಂದುಕೊಟ್ಟ, ರಬ್ಬರಿನ ಎಳೆಯನ್ನು ತಿರುಚಿ ಬಿಟ್ಟರೆ ಮಾಡಿಗೆ ಹಾರುತ್ತಿದ್ದ ಬಿದಿರು ಕಾಗದಗಳ ಆಟಿಕೆಯೊಂದು ಪ್ರಸಿದ್ಧವಾಗಿದೆ. ಆದರೆ ಉಪಕರಣಗಳನ್ನು ಹಿಡಿಯುವ ಕೈಚಳಕ ಮಕ್ಕಳಿಗೆ ಬಂದದ್ದು ತಾಯಿ ಸೂಸನ್ನರಿಂದ. ಬಂಡಿ ಮಾಡುವವರ ಮನೆಯ ಮಗಳಾದ ಆಕೆ ಮನೆಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದರು. ಕ್ಷಯರೋಗದಿಂದ ಹಾಸಿಗೆ ಹಿಡಿದ ಆ ತಾಯಿಯನ್ನು ವಿಲ್ಬರನು ವರ್ಷಗಳ ಕಾಲ ನೋಡಿಕೊಂಡನು. ಹಿಮದ ಮೇಲಿನ ಆಟದಲ್ಲಿ ಮುಖಕ್ಕೆ ಪೆಟ್ಟು ಬಿದ್ದು ಹಲ್ಲುಗಳನ್ನು ಕಳೆದುಕೊಂಡು, ಯೇಲ್ ವಿಶ್ವವಿದ್ಯಾಲಯ ಸೇರುವ ಆಸೆಯನ್ನು ಬಿಟ್ಟು ಮನೆಯಲ್ಲೇ ಉಳಿದ ಅವನಿಗೆ ಆ ಅವಧಿಯಲ್ಲಿ ತಂದೆಯ ಪುಸ್ತಕಗಳೇ ಗುರುವಾದವು. 1889ರಲ್ಲಿ ತಾಯಿ ತೀರಿಕೊಂಡರು. ಅಣ್ಣತಮ್ಮಂದಿರಲ್ಲಿ ಯಾರೊಬ್ಬರೂ ಪ್ರೌಢಶಾಲೆಯ ಪ್ರಮಾಣಪತ್ರವನ್ನು ಪಡೆಯಲಿಲ್ಲ. ಆ ಮನೆಯ ಮಕ್ಕಳಲ್ಲಿ ಕಾಲೇಜು ಶಿಕ್ಷಣವನ್ನು ಪೂರೈಸಿದವಳು ತಂಗಿ ಕ್ಯಾಥರೀನ್ ಒಬ್ಬಳೇ. ಓಬರ್ಲಿನ್ ಕಾಲೇಜಿನಿಂದ 1898ರಲ್ಲಿ ಪದವಿ ಪಡೆದು, ಡೇಟನ್ನಿನ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದಳು.

1899ರ ಮೇ 30ರಂದು ವಿಲ್ಬರನು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಂದು ಕಾಗದವನ್ನು ಬರೆದನು. ಹಾರಾಟದ ಕುರಿತು ಈವರೆಗೆ ತಿಳಿದುಬಂದಿರುವುದನ್ನೆಲ್ಲ ಓದಬೇಕೆಂಬ ಇಚ್ಛೆ ತನಗಿದೆಯೆಂದೂ ಸಾಧ್ಯವಾದರೆ ತನ್ನ ಪಾಲಿನ ಒಂದಷ್ಟನ್ನು ಅದಕ್ಕೆ ಸೇರಿಸಬಯಸುವೆನೆಂದೂ ಅದರ ತಾತ್ಪರ್ಯ. ಸಂಸ್ಥೆಯವರು ಕೆಲವು ಕಿರುಹೊತ್ತಗೆಗಳನ್ನೂ ಓದತಕ್ಕ ಗ್ರಂಥಗಳ ಪಟ್ಟಿಯನ್ನೂ ಕಳುಹಿಸಿದರು. ಅಪರಿಚಿತ ಸೈಕಲ್ ವ್ಯಾಪಾರಿಯೊಬ್ಬನ ಪತ್ರಕ್ಕೆ ಸೌಜನ್ಯದಿಂದ ಉತ್ತರ ಬರೆದ ಆ ಕಚೇರಿಯ ನೌಕರನ ಪುಣ್ಯ ಸಣ್ಣದಲ್ಲ.

ಓದಿ ಮುಗಿಸಿದಾಗ ಸಹೋದರರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಬಹುಮಂದಿ ಸಾಧಕರು ಎಂಜಿನ್ನಿನ ಶಕ್ತಿಯ ಕುರಿತು ಚಿಂತಿಸಿದ್ದರು; ಗಾಳಿಯಲ್ಲಿ ಯಂತ್ರವು ಓಲಾಡಿದಾಗ ಅದನ್ನು ಹತೋಟಿಗೆ ತರುವ ಬಗೆಯನ್ನು ಯಾರೂ ಸಮರ್ಪಕವಾಗಿ ಯೋಚಿಸಿರಲಿಲ್ಲ. ಲಿಲಿಯೆಂಥಾಲನು ತನ್ನ ಶರೀರವನ್ನೇ ಅತ್ತಿತ್ತ ತೂಗಿದನು, ಅದು ಸಾಲದಾಯಿತು. ಸೈಕಲ್ ಸವಾರನಿಗೆ ಮಾತ್ರ ಸಹಜವಾಗಿ ತಿಳಿಯುವ ಮಾತೊಂದಿದೆ: ಸೈಕಲ್ಲು ತಾನಾಗಿ ನಿಲ್ಲುವುದಿಲ್ಲ, ಸವಾರನು ಕ್ಷಣಕ್ಷಣಕ್ಕೂ ಅದನ್ನು ನಿಲ್ಲಿಸುತ್ತಿರುತ್ತಾನೆ. ಹಾರುವ ಯಂತ್ರವೂ ಹಾಗೆಯೇ ಏಕಿರಬಾರದು? ಆ ವರ್ಷದ ಜುಲೈಯಲ್ಲಿ, ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುತ್ತ, ಟ್ಯೂಬು ಬಂದಿದ್ದ ಉದ್ದನೆಯ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ಸುಮ್ಮನೆ ತಿರುಚುತ್ತಿದ್ದ ವಿಲ್ಬರನಿಗೆ ಅದರ ಎರಡು ತುದಿಗಳು ಒಂದಕ್ಕೊಂದು ವಿರುದ್ಧವಾಗಿ ಓರೆಯಾಗುವುದು ಕಂಡಿತು. ಎರಡಂತಸ್ತಿನ ರೆಕ್ಕೆಗಳನ್ನು ತಂತಿಗಳಿಂದ ಹೀಗೆಯೇ ತಿರುಚಿದರೆ, ಒಂದು ಪಕ್ಕ ಏರಿ ಇನ್ನೊಂದು ಪಕ್ಕ ಇಳಿಯುವಂತೆ ಮಾಡಬಹುದು. ಅಂದು ಮೂಡಿದ ಈ ಯುಕ್ತಿಯೇ ಮುಂದಿನದಕ್ಕೆಲ್ಲ ಬೀಜವಾಯಿತು. ಲಿಲಿಯೆಂಥಾಲನು ಐದು ವರ್ಷಗಳಲ್ಲಿ ಗಾಳಿಯಲ್ಲಿ ಕಳೆದ ಕಾಲವನ್ನೆಲ್ಲ ಕೂಡಿಸಿದರೂ ಸುಮಾರು ಐದು ಗಂಟೆಯಷ್ಟೇ ಆಗುತ್ತದೆಂದು ವಿಲ್ಬರನು ಲೆಕ್ಕ ಹಾಕಿದ್ದನು. ಅಷ್ಟು ಅಲ್ಪ ಅಭ್ಯಾಸದಿಂದ ಸೈಕಲ್ ಸವಾರಿಯನ್ನಾದರೂ ಯಾರು ಚೆನ್ನಾಗಿ ಕಲಿತಾರು?

ಬಿಡುವಿಲ್ಲದೆ ಗಾಳಿ ಬೀಸುವ, ಬಿದ್ದರೆ ಪೆಟ್ಟಾಗದ ಮರಳಿನ ನೆಲವನ್ನು ಹುಡುಕುತ್ತ ಸಹೋದರರು 1900ರಲ್ಲಿ ಉತ್ತರ ಕೆರೊಲೈನ ಪ್ರಾಂತದ ಕಡಲಂಚಿನ ಕಿಟಿ ಹಾಕ್ ಎಂಬ ಕುಗ್ರಾಮಕ್ಕೆ ಬಂದರು. ಅಲ್ಲಿನ ವಿಲಿಯಂ ಟೇಟ್ ಎಂಬ ಗೃಹಸ್ಥನು ಪತ್ರ ಬರೆದು ಆದರದಿಂದ ಕರೆಸಿಕೊಂಡಿದ್ದನು. ಟೇಟನ ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಕುಳಿತು ವಿಲ್ಬರನು ರೆಕ್ಕೆಯ ಬಟ್ಟೆಯನ್ನು ಹೊಲಿದನು. ಆ ಗ್ಲೈಡರು ತೂಗಿದ್ದು 52 ಪೌಂಡು. ಹಲವು ದಿನ ಅದನ್ನು ಗಾಳಿಪಟದಂತೆ ಹಾರಿಸಿ, ಕೆಲವು ನಿಮಿಷ ಮಾತ್ರ ತಾವೇ ಅದರ ಮೇಲೆ ಮಲಗಿ ತೇಲಿ, ಊರಿಗೆ ಹೊರಡುವಾಗ ಅದನ್ನು ಅಲ್ಲಿಯೇ ಬಿಟ್ಟರು. ಟೇಟನ ಹೆಂಡತಿ ರೆಕ್ಕೆಯ ನಯವಾದ ಬಟ್ಟೆಯನ್ನು ಬಿಚ್ಚಿ ತೊಳೆದು ತನ್ನ ಹೆಣ್ಣುಮಕ್ಕಳಿಗೆ ಅಂಗಿ ಹೊಲಿದುಕೊಟ್ಟಳು.

ಮರುವರ್ಷ, 1901ರಲ್ಲಿ, ಮತ್ತಷ್ಟು ದೊಡ್ಡ ಗ್ಲೈಡರನ್ನು ಕಟ್ಟಿಕೊಂಡು ಅಲ್ಲಿಗೇ ಬಂದರು. ರೆಕ್ಕೆಯ ವಿಸ್ತಾರವನ್ನೂ ಬಾಗನ್ನೂ ಲಿಲಿಯೆಂಥಾಲನ ಕೋಷ್ಟಕಗಳನ್ನು ನೋಡಿಯೇ ನಿಶ್ಚಯಿಸಿದ್ದರು. ಆದರೆ ಲೆಕ್ಕದ ಪ್ರಕಾರ ಬರಬೇಕಾಗಿದ್ದ ಮೇಲೆತ್ತುವ ಬಲದಲ್ಲಿ ಮೂರನೆಯ ಒಂದು ಪಾಲು ಮಾತ್ರ ಬಂದಿತು. ರೆಕ್ಕೆಗಳನ್ನು ತಿರುಚಿದಾಗ ಕೆಲವೊಮ್ಮೆ ಯಂತ್ರವು ಬಯಸಿದ ದಿಕ್ಕಿಗೆ ವಿರುದ್ಧವಾಗಿಯೇ ಹೊರಳಿತು. ಸೊಳ್ಳೆಗಳ ಕಾಟ, ಮಳೆ, ಜ್ವರ ಬೇರೆ. ಆಗಸ್ಟಿನಲ್ಲಿ ಮನೆಗೆ ಮರಳುವ ರೈಲಿನಲ್ಲಿ ವಿಲ್ಬರನು, ಮನುಷ್ಯನು ಎಂದಾದರೂ ಹಾರಿಯಾನು, ಆದರೆ ತಮ್ಮ ಜೀವಮಾನದಲ್ಲಿ ಅದು ಆಗದು ಎಂದು ತಮ್ಮನಿಗೆ ಹೇಳಿದನು. ಬಹುಪಾಲು ಸಾಹಸಗಳ ಕಥೆ ಇಂಥ ಒಂದು ಪ್ರಯಾಣದಲ್ಲಿಯೇ ಮುಗಿದುಹೋಗುತ್ತದೆ, ಅವು ಯಾವ ಗ್ರಂಥಕ್ಕೂ ಏರುವುದಿಲ್ಲ.

ಆ ವೇಳೆಗೆ ಆಕ್ಟೇವ್ ಶನೂಟ್ ಎಂಬ ಹಿರಿಯ ಎಂಜಿನಿಯರರ ಸ್ನೇಹ ಅವರಿಗೆ ದೊರೆತಿತ್ತು. ರೈಲುಮಾರ್ಗ, ಸೇತುವೆಗಳನ್ನು ಕಟ್ಟಿ ಹೆಸರಾಗಿದ್ದ ಈ ವೃದ್ಧರು ಹಾರಾಟದ ಸಾಧಕರೆಲ್ಲರ ವೃತ್ತಾಂತವನ್ನು 1894ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದ್ದರು. ಅವರು ಷಿಕಾಗೊ ನಗರದ ಎಂಜಿನಿಯರುಗಳ ಸಂಘದಲ್ಲಿ ಉಪನ್ಯಾಸ ಮಾಡಬೇಕೆಂದು ವಿಲ್ಬರನನ್ನು ಕರೆದರು. ಅವನು ಹಿಂಜರಿದನು. ಕ್ಯಾಥರೀನಳು ಬೆನ್ನುಹತ್ತಿ ಒಪ್ಪಿಸಿದಳು. ದೊಡ್ಡವರ ಪರಿಚಯವಾಗುತ್ತದೆ, ಹೋಗಿ ಬಾ ಎಂದಳು. 1901ರ ಸೆಪ್ಟೆಂಬರ್ 18ರಂದು ವಿಲ್ಬರನು ಆ ಸಭೆಯಲ್ಲಿ ನಿಂತು, ಪ್ರಚಲಿತವಾಗಿದ್ದ ಕೋಷ್ಟಕಗಳಲ್ಲಿ ದೋಷವಿರಬಹುದೆಂದು ಹೇಳಿದನು. ಹೇಳಿ ಬಂದ ಮೇಲೆ ಅದನ್ನು ಸಿದ್ಧಮಾಡಿ ತೋರಿಸುವ ಭಾರವೂ ತಲೆಯ ಮೇಲೆ ಬಿತ್ತು. ಸತ್ತು ಐದು ವರ್ಷವಾಗಿದ್ದ, ತಾವು ಗುರುಸ್ಥಾನದಲ್ಲಿಟ್ಟಿದ್ದ ಮಹಾಸಾಧಕನ ಲೆಕ್ಕ ತಪ್ಪೆಂದು, ಪ್ರೌಢಶಾಲೆಯ ಪ್ರಮಾಣಪತ್ರವೂ ಇಲ್ಲದವನು ಪಂಡಿತರ ಮುಂದೆ ಹೇಳಿ ಬಂದಿದ್ದನು.

ಮೊದಲಿಗೆ ಒಂದು ಸೈಕಲ್ಲಿನ ಮುಂದೆ ಅಡ್ಡಲಾಗಿ ಮೂರನೆಯ ಚಕ್ರವನ್ನು ಕೂರಿಸಿ, ಅದರ ಅಂಚಿಗೆ ಪುಟ್ಟ ರೆಕ್ಕೆಯನ್ನೂ ಚಪ್ಪಟೆ ಹಲಗೆಯನ್ನೂ ಕಟ್ಟಿ, ಬೀದಿಯಲ್ಲಿ ಜೋರಾಗಿ ಸವಾರಿ ಮಾಡಿ, ಗಾಳಿಯ ಒತ್ತಡಕ್ಕೆ ಚಕ್ರ ಎತ್ತ ತಿರುಗುವುದೆಂದು ನೋಡಿದರು. ಸಂಶಯ ಬಲವಾಯಿತು. ಬಳಿಕ ಅಂಗಡಿಯಲ್ಲಿ ಆರು ಅಡಿ ಉದ್ದದ, ಒಳಗೆ 16 ಅಂಗುಲ ಚೌಕದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ತುದಿಗೆ ಬೀಸಣಿಗೆಯನ್ನು ಜೋಡಿಸಿದರು. ಇದೇ ಅವರ ವಾಯುಸುರಂಗ. ಇದಕ್ಕೆ ಮುಂಚೆಯೂ ಇಂಗ್ಲೆಂಡು ಮುಂತಾದೆಡೆ ವಾಯುಸುರಂಗಗಳಿದ್ದವು. ಆದರೆ ವಿಮಾನವನ್ನು ಕಟ್ಟಲು ನೇರವಾಗಿ ಉಪಯೋಗಕ್ಕೆ ಬರುವಂಥ ಅಂಕಿಗಳನ್ನು ಕ್ರಮಬದ್ಧವಾಗಿ ಕೊಟ್ಟದ್ದು ಈ ಪೆಟ್ಟಿಗೆಯೇ.

ಪೆಟ್ಟಿಗೆಯ ಒಳಗಿದ್ದ ತಕ್ಕಡಿ ನಿಜಕ್ಕೂ ಸೋಜಿಗದ ವಸ್ತು. ಹಳೆಯ ಗರಗಸದ ಅಲಗು, ಸೈಕಲ್ ಚಕ್ರದ ಕಡ್ಡಿಯ ತಂತಿ, ಇವುಗಳಿಂದ ಅದನ್ನು ಮಾಡಿದ್ದರು. ರೆಕ್ಕೆಯನ್ನು ಮೇಲೆತ್ತುವ ಬಲವೆಷ್ಟು, ಹಿಂದಕ್ಕೆ ತಡೆಯುವ ಬಲವೆಷ್ಟು ಎಂಬುದನ್ನು ಅದು ಒಂದು ಸೂಜಿಯ ಓರೆಯಿಂದ ತೋರಿಸುತ್ತಿತ್ತು. ಗಾಳಿಯ ವೇಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಫಲಿತಾಂಶ ಕೆಡದಂತೆ ಅದರ ರಚನೆಯಿದ್ದಿತು. ತಗಡನ್ನು ಕತ್ತರಿಸಿ, ಬಡಿದು, ಬಾಗಿಸಿ ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಮಾಡಿ ಪರೀಕ್ಷಿಸಿದರು: ಕೆಲವು ಉದ್ದನೆಯವು, ಕೆಲವು ಗಿಡ್ಡನೆಯವು, ಕೆಲವು ಮುಂದೆ ಬಾಗಿದವು, ಕೆಲವು ನಡುವೆ ಬಾಗಿದವು. ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಸಾಕು, ಗಾಳಿಯ ಹರಿವು ಕದಡುತ್ತಿತ್ತು. ಅದಕ್ಕಾಗಿ ಸೂಜಿಯನ್ನು ಓದುವಾಗ ನಿಂತಲ್ಲಿಯೇ ನಿಲ್ಲಬೇಕಾಗಿತ್ತು. ಹಗಲು ಗಿರಾಕಿಗಳ ಸೈಕಲ್ ರಿಪೇರಿಯೂ ನಡೆಯಬೇಕು. 1901ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೀಗೆ ನಡೆಯಿತು. ಯಾರೂ ಹಾರಲಿಲ್ಲ, ಯಾರೂ ಬೀಳಲಿಲ್ಲ, ನೋಡಲು ಯಾರೂ ಬರಲಿಲ್ಲ. ವಿಮಾನದ ನಿಜವಾದ ಜನನವನ್ನು ಗುರುತಿಸಬೇಕಾದರೆ ಆ ಮರಳದಿಬ್ಬಕ್ಕಿಂತ ಈ ಕೋಣೆಯೇ ಹೆಚ್ಚು ಯೋಗ್ಯವೆನ್ನಬೇಕು.

ಬಂದ ಉತ್ತರವು ಅವರು ಊಹಿಸಿದ್ದಕ್ಕಿಂತ ಬೇರೆಯಾಗಿತ್ತು. ಲಿಲಿಯೆಂಥಾಲನ ಕೋಷ್ಟಕಗಳು, ಅವನು ಬಳಸಿದ ಆಕಾರದ ರೆಕ್ಕೆಯ ಮಟ್ಟಿಗೆ, ಬಹುಪಾಲು ಸರಿಯಾಗಿಯೇ ಇದ್ದವು. ದೊಡ್ಡ ದೋಷವಿದ್ದುದು ಇನ್ನೂ ಹಳೆಯ ಸಂಖ್ಯೆಯೊಂದರಲ್ಲಿ. ಗಾಳಿಗೆ ಎದುರಾಗಿ ನಿಂತ ಒಂದು ಚದರಡಿ ಹಲಗೆಯ ಮೇಲೆ ಎಷ್ಟು ಒತ್ತಡ ಬೀಳುತ್ತದೆಂಬುದನ್ನು ಎಣಿಸಲು, ಬ್ರಿಟಿಷ್ ಎಂಜಿನಿಯರ್ ಜಾನ್ ಸ್ಮೀಟನ್ ಗಾಳಿಗಿರಣಿಗಳ ಅಧ್ಯಯನದ ಸಂದರ್ಭದಲ್ಲಿ 1759ರಲ್ಲಿ ಪ್ರಕಟಿಸಿದ 0.005 ಎಂಬ ಗುಣಾಂಕವನ್ನು ಜನ ಬಳಸುತ್ತ ಬಂದಿದ್ದರು. ಸಹೋದರರು ಕಂಡುಕೊಂಡ ಬೆಲೆ ಸುಮಾರು 0.0033. ಅದು ಈಗ ಅಂಗೀಕೃತವಾಗಿರುವ ಬೆಲೆಗೆ ಅತಿ ಸಮೀಪದ್ದು. ಹಳೆಯ ಸಂಖ್ಯೆ ದೊಡ್ಡದಾಯಿತೆಂದು ಬೇರೆ ಕೆಲವು ವಿದ್ವಾಂಸರಿಗೂ ಸಂಶಯ ಬಂದಿದ್ದುದು ನಿಜ. ಆದರೂ ಗುರುವಿನ ಮೇಲೆ ಹೊರಿಸಿದ ತಪ್ಪನ್ನು ತಾವೇ ಅಳೆದು ನೋಡಿ ಬಹುಮಟ್ಟಿಗೆ ಹಿಂತೆಗೆದುಕೊಳ್ಳುವ ಪ್ರಾಮಾಣಿಕತೆ ಈ ಅಣ್ಣತಮ್ಮಂದಿರಿಗಿತ್ತು. ವಿಲ್ಬರನು ತನ್ನ ಕೊನೆಯ ದಿನಗಳಲ್ಲಿ ಬರೆದ ಲೇಖನವೊಂದು ಲಿಲಿಯೆಂಥಾಲನ ಗುಣಗಾನಕ್ಕೇ ಮೀಸಲಾಗಿದೆ. ಈ ಪೆಟ್ಟಿಗೆಯ ವಂಶ ಬಲು ದೊಡ್ಡದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಲ್ಲಿ ಆರಂಭವಾಗಿ, ತೇಜಸ್ ವಿಮಾನದ ಮಾದರಿಗಳನ್ನು ಶಬ್ದದ ವೇಗವನ್ನು ಮೀರಿದ ಗಾಳಿಯಲ್ಲಿ ಪರೀಕ್ಷಿಸಿದ ವಾಯುಸುರಂಗವೂ ಅದರ ಸಂತತಿಗೆ ಸೇರಿದ್ದೇ.

1902ರ ಗ್ಲೈಡರು ಸ್ವಂತ ಅಂಕಿಗಳ ಮೇಲೆ ಕಟ್ಟಿದ್ದು. ಕಿರಿದಾಗಿ ಉದ್ದವಾದ, 32 ಅಡಿಯ ರೆಕ್ಕೆಗಳು. ತಿರುಗಿಸಬಲ್ಲ ಚುಕ್ಕಾಣಿಯನ್ನು ಹಿಂದೆ ಜೋಡಿಸಿದ ಮೇಲೆ ಅದು ಹೇಳಿದಂತೆ ಕೇಳಿತು. ಮಾಮ್ಸ್‌ಬರಿಯ ಸಂನ್ಯಾಸಿಯ ಬಾಲದ ಮಾತು ಒಂಬತ್ತು ಶತಮಾನಗಳ ಅನಂತರ ಹೀಗೆ ನೆನಪಾಗುತ್ತದೆ. ಆ ಋತುವಿನಲ್ಲಿ ನೂರಾರು ಸಲ ತೇಲಿದರು. ಅತಿ ದೀರ್ಘವಾದುದು 622 ಅಡಿಗೂ ಮಿಗಿಲಾಗಿತ್ತು.

ಇನ್ನು ಉಳಿದದ್ದು ಎಂಜಿನ್ನು. ಬೇಕಾದಷ್ಟು ಹಗುರವಾದದ್ದನ್ನು ಮಾಡಿಕೊಡಲು ಯಾವ ಕಾರ್ಖಾನೆಯೂ ಒಪ್ಪದಿದ್ದಾಗ, ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಲೇತು, ಡ್ರಿಲ್ಲುಗಳ ಸಹಾಯದಿಂದ ಆರು ವಾರಗಳಲ್ಲಿ ಅಲ್ಯೂಮಿನಿಯಂ ಒಡಲಿನ ಒಂದು ಎಂಜಿನ್ನನ್ನು ಮಾಡಿಕೊಟ್ಟನು. ಅದರ ಶಕ್ತಿ ಸುಮಾರು 12 ಅಶ್ವಸಾಮರ್ಥ್ಯ. ಪ್ರೊಪೆಲ್ಲರಿನ ಸಮಸ್ಯೆ ಇನ್ನೂ ಕಠಿಣವಾಗಿತ್ತು. ಹಡಗಿನ ಪ್ರೊಪೆಲ್ಲರುಗಳ ಕುರಿತು ಗ್ರಂಥಾಲಯದಲ್ಲಿ ಹುಡುಕಿದರೆ ಉಪಯುಕ್ತವಾದ ಸಿದ್ಧಾಂತವೇ ಸಿಗಲಿಲ್ಲ. ಪ್ರೊಪೆಲ್ಲರೆಂದರೆ ಸುತ್ತುತ್ತ ಮುಂದೆ ಸಾಗುವ ಒಂದು ರೆಕ್ಕೆಯೇ ಎಂಬ ತತ್ತ್ವವನ್ನು ತಾವೇ ಕಂಡುಕೊಳ್ಳಬೇಕಾಯಿತು. ಇದಕ್ಕಾಗಿ ಅಣ್ಣತಮ್ಮಂದಿರು ಗಂಟೆಗಟ್ಟಲೆ ವಾಗ್ವಾದ ಮಾಡುತ್ತಿದ್ದರು. ವಾದದ ಕೊನೆಗೆ ಅಣ್ಣನು ತಮ್ಮನ ಪಕ್ಷವನ್ನೂ ತಮ್ಮನು ಅಣ್ಣನ ಪಕ್ಷವನ್ನೂ ಹಿಡಿದು, ಒಮ್ಮತ ಮೊದಲಿನಷ್ಟೇ ದೂರ ಉಳಿದಿರುವುದು ಗೋಚರಿಸುತ್ತಿತ್ತೆಂದು ಆರ್ವಿಲನೇ ಹೇಳಿಕೊಂಡಿದ್ದಾನೆ. ಗೆಲ್ಲುವ ಹಟವಿಲ್ಲದೆ ವಾದಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಗ ಸಿಕ್ಕದು.

ಇದೇ ಕಾಲದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಾಧಿಕಾರಿ, ಖ್ಯಾತ ಖಗೋಳವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರು ಸರ್ಕಾರದ 50,000 ಡಾಲರುಗಳ ನೆರವಿನಿಂದ ಒಂದು ವಿಮಾನವನ್ನು ಸಿದ್ಧಪಡಿಸಿದ್ದರು. 1896ರಲ್ಲಿ ಅವರ ಸವಾರನಿಲ್ಲದ ಮಾದರಿಯೊಂದು ಅರ್ಧ ಮೈಲಿಗೂ ಹೆಚ್ಚು ಹಾರಿತ್ತು. ಆದರೆ ಸವಾರನನ್ನು ಹೊತ್ತ ದೊಡ್ಡ ಯಂತ್ರವು 1903ರ ಅಕ್ಟೋಬರ್ 7ರಂದೊಮ್ಮೆ, ಡಿಸೆಂಬರ್ 8ರಂದೊಮ್ಮೆ ಪೊಟೊಮ್ಯಾಕ್ ನದಿಗೆ ಮುಗ್ಗರಿಸಿತು. ಪತ್ರಿಕೆಗಳು ಅವರನ್ನು ಹಾಸ್ಯಮಾಡಿದವು. 1906ರಲ್ಲಿ ಅವರು ತೀರಿಕೊಂಡರು. ವಿದ್ವತ್ತಿಗಾಗಲಿ ಹಣಕ್ಕಾಗಲಿ ಅಲ್ಲಿ ಕೊರತೆಯಿರಲಿಲ್ಲ. ಸವಾರನಿಗೆ ಗಾಳಿಯಲ್ಲಿ ತೇಲಿದ ಅಭ್ಯಾಸ ಮಾತ್ರ ಇರಲಿಲ್ಲ. ರೈಟ್ ಸಹೋದರರು ಖರ್ಚುಮಾಡಿದ ಹಣ ಒಟ್ಟು 1,000 ಡಾಲರನ್ನೂ ಮುಟ್ಟಲಿಲ್ಲ.

ಡಿಸೆಂಬರ್ 14ರಂದು ನಾಣ್ಯ ಚಿಮ್ಮಿ ಸರದಿಯನ್ನು ಗೆದ್ದ ವಿಲ್ಬರನು ಯಂತ್ರದ ಮೂತಿಯನ್ನು ಅತಿಯಾಗಿ ಎತ್ತಿದ್ದರಿಂದ ಮೂರೂವರೆ ಸೆಕೆಂಡುಗಳಲ್ಲಿ ಅದು ಮರಳಿಗೆ ಇಳಿಯಿತು. ದುರಸ್ತಿಗೆ ಎರಡು ದಿನ ಹಿಡಿದವು. 17ರಂದು ಬೆಳಿಗ್ಗೆ ಕೊರೆಯುವ ಚಳಿ. ಮಳೆಯ ನೀರು ನಿಂತಲ್ಲೆಲ್ಲ ಮಂಜುಗಟ್ಟಿತ್ತು. ಪಕ್ಕದ ಕಡಲರಕ್ಷಣಾ ಠಾಣೆಯ ಮೂವರು, ಒಬ್ಬ ಮರದ ವ್ಯಾಪಾರಿ, ಒಬ್ಬ ಹುಡುಗ, ಹೀಗೆ ನೋಡಲು ಬಂದವರು ಐದೇ ಮಂದಿ. 10 ಗಂಟೆ 35 ನಿಮಿಷಕ್ಕೆ ಆರ್ವಿಲನು ಯಂತ್ರದ ಮೇಲೆ ಬೋರಲು ಮಲಗಿ ಕಟ್ಟನ್ನು ಬಿಚ್ಚಿದನು. ಹಳಿಯ ಮೇಲೆ ಸಾಗಿದ ಯಂತ್ರವು ಎದುರುಗಾಳಿಯಲ್ಲಿ ಮೇಲೆದ್ದು, ಓಲಾಡುತ್ತ, 12 ಸೆಕೆಂಡುಗಳಲ್ಲಿ 120 ಅಡಿ ಸಾಗಿ ಇಳಿಯಿತು. ಠಾಣೆಯ ಜಾನ್ ಡೇನಿಯಲ್ಸ್ ಎಂಬವನು ಆರ್ವಿಲನು ಹೂಡಿಟ್ಟಿದ್ದ ಕ್ಯಾಮೆರಾದ ಗುಂಡಿಯನ್ನು ಒತ್ತಿದನು; ಜಗತ್ಪ್ರಸಿದ್ಧವಾದ ಆ ಛಾಯಾಚಿತ್ರ ಅದೇ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ಸಲ ವಿಲ್ಬರನು 59 ಸೆಕೆಂಡುಗಳಲ್ಲಿ 852 ಅಡಿ ಹಾರಿದನು. ಬಳಿಕ ನೆಲದ ಮೇಲೆ ನಿಂತಿದ್ದ ಯಂತ್ರವನ್ನು ಬಿರುಗಾಳಿ ಉರುಳಿಸಿ ಮುರಿದುಹಾಕಿತು. ಅದು ಮತ್ತೆಂದೂ ಹಾರಲಿಲ್ಲ. ಸಂಜೆ ತಂದೆಗೆ ಹೋದ ತಂತಿಯಲ್ಲಿ 59 ಸೆಕೆಂಡು 57 ಆಗಿ, ಆರ್ವಿಲನ ಹೆಸರಿನ ಕಾಗುಣಿತವೂ ಕೆಟ್ಟಿತು. ಕ್ರಿಸ್‌ಮಸ್ಸಿಗೆ ಮನೆಗೆ ಬರುತ್ತೇವೆಂಬ ಮಾತು ಮಾತ್ರ ಸರಿಯಾಗಿ ತಲಪಿತು.

ಜಗತ್ತು ನಂಬಲಿಲ್ಲ, ಬಹುಪಾಲು ಕೇಳಿಸಿಕೊಳ್ಳಲೂ ಇಲ್ಲ. 1904, 1905ರಲ್ಲಿ ಡೇಟನ್ನಿನ ಹೊರವಲಯದ ಹಫ್‌ಮನ್ ಹುಲ್ಲುಗಾವಲಿನಲ್ಲಿ, ದನ ಕುದುರೆಗಳನ್ನು ಆಚೆಗೆ ಅಟ್ಟಿಕೊಳ್ಳಬೇಕೆಂಬ ಷರತ್ತಿನ ಮೇಲೆ ಒಡೆಯನು ಬಾಡಿಗೆಯಿಲ್ಲದೆ ಕೊಟ್ಟ ನೆಲದಲ್ಲಿ, ಸಹೋದರರು ಅಭ್ಯಾಸವನ್ನು ಮುಂದುವರಿಸಿದರು. 1904ರ ಸೆಪ್ಟೆಂಬರ್ 20ರಂದು ವಿಲ್ಬರನು ಆಕಾಶದಲ್ಲಿ ಪೂರ್ಣವೃತ್ತವೊಂದನ್ನು ಸುತ್ತಿ ಬಂದುದನ್ನು ಕಣ್ಣಾರೆ ಕಂಡು ಬರೆದವನು ಏಮಸ್ ರೂಟ್. ಆ ವರದಿ 1905ರ ಜನವರಿಯಲ್ಲಿ ಪ್ರಕಟವಾದದ್ದು ಅವನು ನಡೆಸುತ್ತಿದ್ದ ಜೇನುಸಾಕಣೆಯ ಪತ್ರಿಕೆಯಲ್ಲಿ. ಮಹಾನಗರಗಳ ಪತ್ರಿಕೆಗಳಿಗೆ ದಕ್ಕದ ಭಾಗ್ಯ ಜೇನುಗಾರರಿಗೆ ದಕ್ಕಿತು. 1905ರ ಅಕ್ಟೋಬರ್ 5ರಂದು ವಿಲ್ಬರನು 39 ನಿಮಿಷಗಳಲ್ಲಿ 24 ಮೈಲಿ ಹಾರಿದನು. 1908ರ ಆಗಸ್ಟ್ 8ರಂದು ಫ್ರಾನ್ಸಿನ ಲ ಮಾನ್ ಬಳಿ ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಹಾರಿ ತೋರಿಸಿದ ಮೇಲೆ ಯೂರೋಪು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತು.

ಅದರ ಮರುತಿಂಗಳೇ, ಸೆಪ್ಟೆಂಬರ್ 17ರಂದು, ವಾಷಿಂಗ್‌ಟನ್ನಿನ ಬಳಿಯ ಫೋರ್ಟ್ ಮಾಯರಿನಲ್ಲಿ ಸೈನ್ಯದ ಅಧಿಕಾರಿಗಳ ಮುಂದೆ ಆರ್ವಿಲನು ಹಾರುತ್ತಿದ್ದಾಗ ಪ್ರೊಪೆಲ್ಲರೊಂದು ಸೀಳಿ, ಯಂತ್ರ ನೆಲಕ್ಕಪ್ಪಳಿಸಿತು. ಜೊತೆಗಿದ್ದ 26 ವರ್ಷದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಡ್ಜ್ ಮೃತಪಟ್ಟನು. ಎಂಜಿನ್ನುಳ್ಳ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯನು ಅವನೇ. ತೊಡೆ, ಪಕ್ಕೆಲುಬುಗಳು ಮುರಿದಿದ್ದ ಆರ್ವಿಲನು ಆಸ್ಪತ್ರೆಯ ಹಾಸಿಗೆಗೆ ಯಂತ್ರದ ಮುರುಕುಗಳನ್ನು ತರಿಸಿ ನೋಡಿ ಅಪಘಾತದ ಕಾರಣವನ್ನು ಹುಡುಕಿದನು. ತಂತಿ ಕೈಸೇರಿದ ಕೂಡಲೇ ಕ್ಯಾಥರೀನಳು ಶಾಲೆಗೆ ರಜೆ ಹಾಕಿ ಹೊರಟುಬಂದಳು. ವಾರಗಟ್ಟಲೆ ಅಣ್ಣನ ಹಾಸಿಗೆಯ ಬಳಿ ಕುಳಿತು ಅವನನ್ನು ಬದುಕಿಸಿಕೊಂಡಳು. ಮತ್ತೆ ಅವಳು ಪಾಠ ಹೇಳಲು ತರಗತಿಗೆ ಹೋಗಲಿಲ್ಲ. ಅಣ್ಣಂದಿರ ಪತ್ರವ್ಯವಹಾರ, ಪ್ರವಾಸ, ಅತಿಥಿಗಳ ಉಪಚಾರ ಇವೇ ಅವಳ ಕೆಲಸವಾದವು. ವಿಮಾನದ ಚರಿತ್ರೆಗಳು ಆಕೆಗೆ ಸಾಮಾನ್ಯವಾಗಿ ಅರ್ಧ ಪುಟವನ್ನಷ್ಟೇ ಕೊಡುತ್ತವೆ. 1926ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಆಕೆ ಮದುವೆಯಾದಾಗ ಆರ್ವಿಲನು ಅದನ್ನು ವಿಶ್ವಾಸದ್ರೋಹವೆಂದೇ ಬಗೆದು ಮಾತು ಬಿಟ್ಟನು; 1929ರಲ್ಲಿ ಆಕೆ ನ್ಯೂಮೋನಿಯಾದಿಂದ ಸಾಯುವ ಹೊತ್ತಿಗಷ್ಟೇ ಬಳಿಗೆ ಹೋದನು. ವಾದದಲ್ಲಿ ಅಣ್ಣನ ಪಕ್ಷವನ್ನು ಸಲೀಸಾಗಿ ಒಪ್ಪಿಕೊಳ್ಳಬಲ್ಲವನಿಗೆ ತಂಗಿಯ ಪಕ್ಷವನ್ನು ಒಪ್ಪಿಕೊಳ್ಳಲಾಗಲಿಲ್ಲ.

ಪೇಟೆಂಟಿನ ವ್ಯಾಜ್ಯಗಳೂ ಅವರ ಬಾಳಿನ ಕಹಿ ಅಧ್ಯಾಯ. ತಮ್ಮ ಹತೋಟಿಯ ತತ್ತ್ವವನ್ನು ಇತರರು ಬಳಸುತ್ತಾರೆಂದು 1909ರಿಂದ ಹೂಡಿದ ಮೊಕದ್ದಮೆಗಳಲ್ಲಿ ವಿಲ್ಬರನ ಕೊನೆಯ ವರ್ಷಗಳು ಸವೆದವು. ಈ ಕಾಲವನ್ನು ಪ್ರಯೋಗಗಳಿಗೆ ಕೊಟ್ಟಿದ್ದರೆ ಎಷ್ಟೋ ಆಗುತ್ತಿತ್ತೆಂದು ಅವನು ಪತ್ರವೊಂದರಲ್ಲಿ ಕೊರಗಿದ್ದಾನೆ. ಶನೂಟರ ಸ್ನೇಹವೂ ಇದರಿಂದಲೇ ಹಳಸಿತು. 1912ರಲ್ಲಿ ವಿಷಮಶೀತಜ್ವರ ಈ ಸಲ ಅಣ್ಣನನ್ನು ಹಿಡಿಯಿತು. ಮೇ 30ರಂದು, ಸ್ಮಿತ್‌ಸೋನಿಯನ್ನಿಗೆ ಕಾಗದ ಬರೆದು ಸರಿಯಾಗಿ ಹದಿಮೂರು ವರ್ಷಗಳಾದ ದಿನ, 45ರ ಪ್ರಾಯದ ವಿಲ್ಬರನು ತೀರಿಕೊಂಡನು. ಅದೇ ಸಂಸ್ಥೆಯು ಮುಂದೆ, ಮನುಷ್ಯನನ್ನು ಹೊತ್ತು ಹಾರಲು ಮೊದಲು ಸಮರ್ಥವಾಗಿದ್ದುದು ಲ್ಯಾಂಗ್ಲಿಯವರ ಯಂತ್ರವೆಂದು ಸಾರಿದುದರಿಂದ ಮನನೊಂದ ಆರ್ವಿಲನು ಮೊದಲ ವಿಮಾನವನ್ನು 1928ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟನು. 1942ರಲ್ಲಿ ಸಂಸ್ಥೆ ತನ್ನ ಮಾತನ್ನು ಹಿಂತೆಗೆದುಕೊಂಡಿತು. ವಿಮಾನವು ಸ್ವದೇಶಕ್ಕೆ ಮರಳಿ 1948ರ ಡಿಸೆಂಬರ್ 17ರಂದು ವಾಷಿಂಗ್‌ಟನ್ನಿನಲ್ಲಿ ಪ್ರತಿಷ್ಠಿತವಾಗುವಷ್ಟರಲ್ಲಿ ಆರ್ವಿಲನೂ ಇರಲಿಲ್ಲ. ಅದೇ ವರ್ಷದ ಜನವರಿ 30ರಂದು ಅವನ ಬಾಳು ಮುಗಿದಿತ್ತು.

1910ರ ಮೇ 25ರ ಒಂದು ಸಂಗತಿ ಇಲ್ಲಿ ಬಿಟ್ಟುಹೋಗಬಾರದು. ಇಬ್ಬರೂ ಒಟ್ಟಿಗೆ ಸತ್ತರೆ ಕೆಲಸ ನಿಂತುಹೋಗುವುದೆಂದು, ಒಂದೇ ವಿಮಾನದಲ್ಲಿ ಜೊತೆಯಾಗಿ ಏರುವುದಿಲ್ಲವೆಂದು ಮಕ್ಕಳು ತಂದೆಗೆ ಮಾತು ಕೊಟ್ಟಿದ್ದರು. ಆ ದಿನ ತಂದೆಯ ಒಪ್ಪಿಗೆಯಿಂದ ಹಫ್‌ಮನ್ ಹುಲ್ಲುಗಾವಲಿನಲ್ಲಿ ಆ ಒಂದೇ ಒಂದು ಸಲ ಕೆಲವು ನಿಮಿಷ ಜೊತೆಯಾಗಿ ಹಾರಿದರು. ಬಳಿಕ ಆರ್ವಿಲನು 81 ವರ್ಷದ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲೇರಿದನು. ವೃದ್ಧ ಬಿಷಪ್ಪರು ಭಯಪಟ್ಟಾರೆಂದು ಮಗನು ಎಚ್ಚರದಿಂದ ಯಂತ್ರವನ್ನು ತಗ್ಗಿನಲ್ಲಿಯೇ ನಡೆಸುತ್ತಿದ್ದನು. ಅವರು ಮಗನ ಕಿವಿಯ ಬಳಿ ಬಾಗಿ, ಇನ್ನೂ ಮೇಲಕ್ಕೆ ಹೋಗು ಎಂದರು.